ಹಡಗಿನಂಗಡಿಯಲ್ಲಿ ಚೌಡತ್ತೆ

ನಾನು ಕೆಲಸ ಮಾಡುವ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಬಟ್ಟೆಯ ಮೇಲಿನ ಎಣ್ಣೆ ಕಲೆ ತೆಗೆಯಲು ಒಂದು ಪುಟ್ಟ ಗನ್ ಇಟ್ಟಿದ್ದಾರೆ. ಒತ್ತಿದರೆ ಸುಯ್ ಎಂದು ತೆಳ್ಳನೆಯ ದ್ರವ ಚಿಮ್ಮುತ್ತದೆ, ಕಲೆ ಹೋಗುತ್ತದೆ, ವಾಸನೆ ಉಳಿಯುತ್ತದೆ. ಮೂಗಿನ ತುದಿ ಚುರುಗುಟ್ಟಿಸಿ ನೆತ್ತಿಗೇರುವ ವಾಸನೆ ಅದು. ಹೊಸದಾಗಿ ಸೇರಿದ ಹುಡುಗಿಯರು ದುಪ್ಪಟ್ಟದಲ್ಲಿ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಏನಾದರೊಂದು ನೆಪ ಹುಡುಕಿ ಆ ಮೇಜಿನ ಹತ್ತಿರ ಹೋಗಿ ನಿಲ್ಲುತ್ತೇನೆ. ಮೇಡಂ ಕೆಲಸ ನೋಡಲು ಬಂದರು ಎಂದುಕೊಂಡು ಪಾಪ, ಅವರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಆ ವಾಸನೆ ಬಂದ ಕೂಡಲೇ ಕೊಯಮತ್ತೂರಿನ ಹತ್ತಿರದ ಸೋಮನೂರಿನ ನಮ್ಮ ಹಳೆಯ ಮನೆಯ ಪಡಸಾಲೆ ನನ್ನ ಕಣ್ಣ ಮುಂದೆ ಬರುತ್ತದೆ. ಕಿಟಕಿಯ ಕೆಳಗೆ ಚಾಪೆಯ ಮೇಲೆ ಕಾಲು ಚಾಚಿ ಕೂತ ನಮ್ಮ ಚೌಡತ್ತೆ, ಅದೇ ವಾಸನೆಯ, ಬೆರಳು ಗಾತ್ರದ ಅಂಟಿನ ಟ್ಯೂಬಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತಿರುಗಿಸುತ್ತಿರುತ್ತಾಳೆ. ಪಕ್ಕದಲ್ಲಿ ಅರ್ಧ ಕಟ್ಟಿದ ಒಂದು ಹಡಗು ಇರುತ್ತದೆ.

ಚೌಡತ್ತೆ ನಮ್ಮಪ್ಪನ ಅಕ್ಕ. ಮದುವೆಯಾಗಿ ಹೋದ ಕೆಲವೇ ವರ್ಷಕ್ಕೆ ಗಂಡ ತೀರಿಕೊಂಡು, ಮಕ್ಕಳೂ ಇಲ್ಲದೆ, ತವರಿಗೆ ಮರಳಿದವಳು. ನಮ್ಮದು ಮಗ್ಗದ ಮನೆ. ಮುಂದೆ ವಾಸ, ಹಿಂದೆ ತಗಡಿನ ಶೆಡ್ಡು, ಶೆಡ್ಡಿನ ತುಂಬ ಪವರ್‌ಲೂಮುಗಳು. ಕರೆಂಟು ಇರುವಷ್ಟು ಹೊತ್ತು ಅವುಗಳ ಖಟಪಟ ಗೋಡೆ ಹಾದು ಬಂದು ಊಟದ ತಟ್ಟೆಯನ್ನೂ ಅದುರಿಸುತ್ತಿತ್ತು. ಹಾಗಾಗಿ ನಮ್ಮ ಮನೆಯವರೆಲ್ಲರ ಗಂಟಲು ದೊಡ್ಡದು, ಕಿವಿ ಮಂದ. ಗುಟ್ಟು ಹೇಳಿದರೂ ಬೀದಿಗೆ ಕೇಳಬೇಕು. ಹೊಸಿಲೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಎಷ್ಟು ತಲೆಮಾರಿನಿಂದ ಹೀಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ನಾನು ಈಗ ಬರೆಯುತ್ತಿರುವ ಅಕ್ಷರಗಳನ್ನು ಕಲಿತದ್ದು ಕೂಡ ದೊಡ್ಡವಳಾದ ಮೇಲೆ, ದಾವಣಗೆರೆ ಕಡೆಯಿಂದ ನಮ್ಮ ಕಂಪನಿಗೆ ಬಂದ ಗೆಳತಿಯೊಬ್ಬಳಿಂದ. ನಮ್ಮ ಮನೆಯ ಕನ್ನಡ ಬರೀ ಬಾಯಲ್ಲಿತ್ತು. ನನ್ನ ಬರವಣಿಗೆ ಪುಸ್ತಕದ ಹಾಗೆ ಕಂಡರೆ ತಪ್ಪು ಅವಳದು.

ಅತ್ತೆಯ ಕೆಲಸ ಕಂಡಿಕೆ ಸುತ್ತುವುದು, ಅಂದರೆ ಮಗ್ಗದ ಲಾಳಿಯೊಳಗೆ ಕೂರುವ ಕಡ್ಡಿಗೆ ನೂಲು ಸುತ್ತುವುದು. ಬೆಳಗಿನಿಂದ ಸಂಜೆಯವರೆಗೆ ಸುತ್ತುತ್ತಲೇ ಇರುತ್ತಿದ್ದಳು. ತಲೆಗೂದಲಿನ ಮೇಲೆ, ರೆಪ್ಪೆಯ ಮೇಲೆ ಹತ್ತಿಯ ಧೂಳು ಕೂತಿರುತ್ತಿತ್ತು. ಅಪ್ಪ ಅವಳಿಗೆ ಒಂದು ಬಿರುಸು ಮಾತು ಆಡಿದ್ದನ್ನು ನಾನು ಕೇಳಿಲ್ಲ, ಅವ್ವನೂ ಹಾಗೆಯೇ. ಆದರೂ ತಮ್ಮ ತಂದ ಸೀರೆ ಉಡುವವಳು, ನಾದಿನಿ ಬಡಿಸಿದ್ದನ್ನು ಉಣ್ಣುವವಳು ಅವಳು. ದೀಪಾವಳಿಗೆ ಯಾವ ಬಣ್ಣದ ಸೀರೆ ಬಂದರೂ “ಸೆಂದಾಗೈತೆ” ಎಂದು ಒಳಗಿಡುತ್ತಿದ್ದಳು. ತನಗೆ ಹಸಿರು ಆಗುವುದಿಲ್ಲ ಎಂದು ಅವಳು ಹೇಳಿದ್ದು ಎಷ್ಟೋ ವರ್ಷ ಹಸಿರು ಉಟ್ಟು ಮುಗಿಸಿದ ಮೇಲೆ. ಕೊಟ್ಟಿದ್ದನ್ನು ತೆಗೆದುಕೊಳ್ಳುವುದೇ ಬದುಕಾದವರು ನಿಮ್ಮ ಮನೆಯಲ್ಲೂ ಒಬ್ಬರು ಇದ್ದಿರಬಹುದು. ಅಂಥವರಿಗೆ ಏನು ಇಷ್ಟ ಎಂದು ಕೇಳುವುದು ಯಾರಿಗೂ ಹೊಳೆಯುವುದಿಲ್ಲ, ನಮಗೂ ಹೊಳೆದಿರಲಿಲ್ಲ.

ಮೊದಲ ಹಡಗು ಮನೆಗೆ ಬಂದದ್ದು ನನ್ನ ಕಣ್ಣಿನ ದೆಸೆಯಿಂದ. ಶಾಲೆಯಲ್ಲಿ ಬೋರ್ಡು ಕಾಣುವುದಿಲ್ಲ ಎಂದು ಅತ್ತೆ ನನ್ನನ್ನು ಕೊಯಮತ್ತೂರಿಗೆ ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿದ್ದಳು. ಅವರು ಕಣ್ಣಿಗೆ ಹನಿ ಹಾಕಿ ಕಳಿಸಿದರು. ಉಕ್ಕಡಂ ಬಸ್ ಸ್ಟ್ಯಾಂಡಿನ ಕಡೆ ನಡೆದು ಬರುವಾಗ ನನಗೆ ಎಲ್ಲವೂ ಮಸುಕು, ಬಿಸಿಲಿಗೆ ಕಣ್ಣಲ್ಲಿ ಒಂದೇ ಸಮನೆ ನೀರು. ಕೆರೆಯ ಗಾಳಿ, ಮೀನು ಮಾರ್ಕೆಟ್ಟಿನ ವಾಸನೆ, ಹಾರ್ನುಗಳು. ಒಂದು ಗಲ್ಲಿಯ ಮೂಲೆಯಲ್ಲಿ ನನ್ನ ಕೈ ಹಿಡಿದು ನಡೆಯುತ್ತಿದ್ದ ಅತ್ತೆ ಗಕ್ಕನೆ ನಿಂತಳು. ಗಾಜಿನ ಕಪಾಟಿನಲ್ಲಿ ಏನೋ ಇತ್ತು. ಏನತ್ತೆ ಎಂದೆ. “ಹಡಗು ಕಣ್ಣು. ಅದ್ರ ಮೇಲೆ ನೂಲು ಕಟ್ಟವ್ರೆ ನೋಡು, ಮಗ್ಗಕ್ಕೆ ಕಟ್ದಂಗೆ,” ಎಂದಳು. ಕಣ್ಣು ಎಂದರೆ ನಾನು; ಮುದ್ದಿಗೆ ನನ್ನನ್ನು ಹಾಗೆಯೇ ಕರೆಯುತ್ತಿದ್ದಳು. ಅವಳ ದನಿ ಹಾಗೆ ಮೆತ್ತಗಾದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಂಗಡಿಯೊಳಗೆ ಬೆಳ್ಳನೆಯ ಪಂಚೆ ಉಟ್ಟ ಸಣಕಲು ಮನುಷ್ಯರೊಬ್ಬರು ಕೂತಿದ್ದರು. ಅತ್ತೆ ಅವರನ್ನು ಮೊದಲಾಳಿ ಎಂದು ಕರೆದಳು; ನಮ್ಮ ಕಡೆ ಅಂಗಡಿಯ ಧಣಿಗೆ ಹಾಗೆಯೇ ಅನ್ನುವುದು. ನಾವೂ ಕೊನೆಯವರೆಗೆ ಅವರನ್ನು ಹಾಗೆಯೇ ಕರೆದೆವು. ಯಾರಿಗಮ್ಮಾ ಎಂದು ಅವರು ಕೇಳಿದ್ದೇ ತಡ, ಅತ್ತೆ ನನ್ನನ್ನು ಮುಂದಕ್ಕೆ ತಳ್ಳಿ ಮಗುವಿಗೆ ಎಂದುಬಿಟ್ಟಳು. ನೀರು ಸುರಿಸುತ್ತಿದ್ದ ನನ್ನ ಕಣ್ಣು ನೋಡಿ, ಹಡಗು ಬೇಕೆಂದು ಮಗು ಅಳುತ್ತಿದೆ ಎಂದೇ ಅವರು ತಿಳಿದರು. ಅಂಗಡಿಗೆ ಕಾಲಿಟ್ಟ ಮೊದಲ ನಿಮಿಷಕ್ಕೇ ಬೆಲೆ ಸ್ವಲ್ಪ ಇಳಿಯಿತು.

ಅದು ಮಾಡೆಲ್ ಕಿಟ್ಟುಗಳ ಅಂಗಡಿ. ವಿಮಾನ, ಹಡಗು, ಹಳೆಯ ಕಾಲದ ಕಾರು, ಎಲ್ಲವೂ ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬರುತ್ತಿದ್ದವು. ಪ್ಲಾಸ್ಟಿಕ್ಕಿನ ಕಡ್ಡಿಗೆ ಅಂಟಿಕೊಂಡ ಚೂರುಗಳನ್ನು ಕತ್ತರಿಸಿ, ಉಜ್ಜಿ, ಅಂಟು ಹಚ್ಚಿ ನಾವೇ ಜೋಡಿಸಿಕೊಳ್ಳಬೇಕು. ಮಾತು ತಮಿಳಿನಲ್ಲಿ ನಡೆಯುತ್ತಿತ್ತು. ನಾನಿಲ್ಲಿ ನಮ್ಮ ಮನೆಯ ಮಾತಿಗೆ ತಂದುಕೊಂಡಿದ್ದೇನೆ. ಡಬ್ಬಿ ಬಿಚ್ಚಿಸಿ ನೋಡಿದ ಅತ್ತೆಗೆ ನಿಜವಾಗಿಯೂ ಸಿಟ್ಟು ಬಂತು.

“ಇದ್ರಲ್ಲಿ ಹಡಗೆಲ್ಲೈತೆ? ಬರೀ ಸಾಮಾನು. ನಮ್ಮ ಸೋಮನೂರಲ್ಲಿ ನೂಲು ಕೊಟ್ಟೋರು ನೇಯೋರಿಗೆ ಕೂಲಿ ಕೊಡ್ತಾರೆ. ನೀವು ಸಾಮಾನು ಕೊಟ್ಟು, ಕೂಲಿ ಕೆಲಸಾನೂ ನಮ್ಮ ಕೈಲೇ ಮಾಡ್ಸಿ, ಮೇಲೆ ನಮ್ಮತ್ರಾನೇ ಕಾಸು ಕೇಳ್ತೀರಲ್ಲ, ಇದ್ಯಾವೂರ ನ್ಯಾಯ?”

ಮೊದಲಾಳಿ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. ಅಷ್ಟು ವರ್ಷದ ವ್ಯಾಪಾರದಲ್ಲಿ ಈ ಪ್ರಶ್ನೆ ಅವರಿಗೆ ಎದುರಾಗಿರಲಿಲ್ಲ. “ಜೋಡ್ಸೋದ್ರಲ್ಲೇ ಸಂತೋಷ ಅಮ್ಮಾ, ಅದಕ್ಕೇ ಜನ ಕಾಸು ಕೊಡ್ತಾರೆ,” ಎಂದರು.

“ಹಂಗಾದ್ರೆ ನಮ್ಮ ಶೆಡ್ಡಿಗೆ ಬನ್ನಿ. ಸಂತೋಷ ಬೇಕಾದಷ್ಟೈತೆ, ದಿನಾ ಹೊತ್ಕೊಂಡೋಗಿ.”

ಅಂದು ಕೂಲಿಯ ಲೆಕ್ಕಕ್ಕೆ ಎಷ್ಟೋ ಕಳೆದು, ಹಡಗು ನಮ್ಮದಾಯಿತು. ಆಮೇಲೆ ವರ್ಷಕ್ಕೆ ಒಂದೆರಡು ಸಲ, ಕಂಡಿಕೆ ಸುತ್ತಿದ್ದಕ್ಕೆ ಅಪ್ಪ ಕೊಡುತ್ತಿದ್ದ ಕೈಕಾಸು ಸೇರಿದಾಗಲೆಲ್ಲ, ನಾವಿಬ್ಬರೂ ಅಲ್ಲಿಗೆ ಹೋಗತೊಡಗಿದೆವು. ಮನೆಯಲ್ಲಿ ಎಲ್ಲರೂ ನನ್ನ ಹುಚ್ಚು ಎಂದುಕೊಂಡಿದ್ದರು. ನನಗೆ ಆ ಚೂರುಗಳನ್ನು ಮುಟ್ಟಿದರೆ ಬೇಸರ ಬರುತ್ತಿತ್ತು. ಇಷ್ಟವಾಗುತ್ತಿದ್ದದ್ದು ಬಸ್ಸು ಮತ್ತು ಅತ್ತೆಯ ಚೌಕಾಸಿ. ಡಬ್ಬಿಯ ಮೂಲೆ ಜಜ್ಜಿದ್ದರೆ ಅದು ಸೆಕೆಂಡ್ಸ್ ಮಾಲು, ತಿರುಪ್ಪೂರಿನಲ್ಲಿ ಹೊಲಿಗೆ ಕೆಟ್ಟ ಬನಿಯನ್ನು ಹೇಗೋ ಹಾಗೆ, ಅರ್ಧ ಬೆಲೆಗೆ ಬರಬೇಕು ಎನ್ನುತ್ತಿದ್ದಳು. ಜಜ್ಜಿರದಿದ್ದರೆ ಸೆಕೆಂಡ್ಸ್ ಯಾಕಿಟ್ಟಿಲ್ಲ ಎಂದು ಕೇಳುತ್ತಿದ್ದಳು. ಹಡಗಿನ ಹಗ್ಗಕ್ಕೆಂದು ಡಬ್ಬಿಯಲ್ಲಿಟ್ಟ ದಾರವನ್ನು ಎರಡು ಬೆರಳಿನ ನಡುವೆ ಹೊಸೆದು ನೋಡಿ, “ಇದು ಪಿಸಿಯೋ ನೂಲು. ನಿಮ್ಮ ನೂಲು ನೀವೇ ಇಟ್ಕೊಳ್ಳಿ, ನಮ್ಮನೇಲಿ ನೂಲಿಗೆ ಬರಗಾಲ ಇಲ್ಲ. ಅದ್ರ ಕಾಸು ಕಳೀರಿ,” ಎಂದು ಮೇಜಿನ ಮೇಲಿಟ್ಟದ್ದೂ ಉಂಟು. ಒಮ್ಮೆ ವಿಮಾನದ ಡಬ್ಬಿಯ ಮೇಲೆ ಒಂದು ಬೈ ಎಪ್ಪತ್ತೆರಡು ಎಂದು ಬರೆದಿದ್ದನ್ನು ನನ್ನಿಂದ ಓದಿಸಿದಳು. ನಿಜವಾದ ವಿಮಾನವನ್ನು ಅಷ್ಟು ಪಾಲು ಕುಗ್ಗಿಸಿದ್ದಾರೆ ಎಂದು ಮೊದಲಾಳಿ ವಿವರಿಸಿದರು. ವಿಮಾನ ಕುಗ್ಗಿಸಿದವರು ಬೆಲೆಯನ್ನು ಯಾಕೆ ಅಷ್ಟೇ ಕುಗ್ಗಿಸಲಿಲ್ಲ ಎಂದು ಅತ್ತೆ ಕೇಳಿದಳು. ಅವರು ನಿಧಾನವಾಗಿ, “ನಿಜವಾದ ವಿಮಾನದ ಬೆಲೇಲಿ ಎಪ್ಪತ್ತೆರಡ್ರಲ್ಲಿ ಒಂದು ಪಾಲು ಕೊಡಿ ಅಮ್ಮಾ, ಅಂಗಡಿ ಬೀಗದ ಕೈ ನಿಮಗೇ ಕೊಟ್ಟು ಕಾಶಿಗೆ ಹೋಗ್ತೀನಿ,” ಎಂದರು. ಆ ದಿನ ಅತ್ತೆ ಸೋತಳು. ಬಸ್ಸಿನಲ್ಲಿ ಸೂಲೂರು ದಾಟುವವರೆಗೂ ನೆನೆನೆನೆದು ನಕ್ಕಳು.

ಚೌಕಾಸಿ ಇಲ್ಲದೆ ಅವಳಿಗೆ ಅಲ್ಲಿಂದ ಏನೂ ಬೇಕಾಗಿರಲಿಲ್ಲ. ಒಂದು ಸಲ, ಆಯುಧ ಪೂಜೆಯ ಆಸುಪಾಸು, ಮೊದಲಾಳಿ ಸಣ್ಣದೊಂದು ದೋಣಿಯ ಕಿಟ್ ತೆಗೆದು, ಕಾಸು ಬೇಡ, ಮಗುವಿಗೆ ಇರಲಿ ಎಂದು ನನ್ನ ಕೈಗಿಟ್ಟರು. ಅತ್ತೆಯ ಮುಖ ಕಪ್ಪಿಟ್ಟಿತು. ನನ್ನ ಕೈಯಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು, ನನ್ನನ್ನು ಎಳೆದುಕೊಂಡು ಹೊರಗೆ ಬಂದಳು. ಬಸ್ ಸ್ಟ್ಯಾಂಡಿನಲ್ಲಿ ನನಗೆ ಹೇಳಿದಳು: “ಕೊಡೋರು ಮನೇಲೇ ಅವ್ರೆ ಕಣ್ಣು. ಇಲ್ಲಿ ನಾನು ಬಾಯಿ ಮಾಡಿ ಗೆದ್ದು ತಕ್ಕೊಂಡೋಗೋಕೆ ಬರೋದು.” ನನಗೆ ಆಗ ಅದು ಪೂರ್ತಿ ಅರ್ಥವಾಗಲಿಲ್ಲ, ಆದರೆ ಅವಳ ಕಣ್ಣು ತುಂಬಿದ್ದನ್ನು ನೋಡಿದೆ. ಎಷ್ಟೋ ತಿಂಗಳು ಬಿಟ್ಟು ಮತ್ತೆ ಹೋದಾಗ ಮೊದಲಾಳಿ ಏನೂ ನಡೆದೇ ಇಲ್ಲವೆಂಬಂತೆ ಆಕಾಶಕ್ಕೆ ಬೆಲೆ ಹೇಳಿ, “ಕಟ್ಟುಪಡಿ ಆಗಾದುಂಗಮ್ಮಾ” ಎಂದು, ಅಂದರೆ ಇದಕ್ಕಿಂತ ಇಳಿಸಿದರೆ ಗಿಟ್ಟುವುದಿಲ್ಲ ಎಂದು, ಅಡ್ಡಡ್ಡ ತಲೆಯಾಡಿಸಿದರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಈ ಯುದ್ಧದಲ್ಲಿ ನಮ್ಮ ಕಡೆಯ ದೊಡ್ಡ ಆಯುಧ ಕನ್ನಡ. ತಮಿಳಿನಲ್ಲಿ ಬೆಲೆ ಕೇಳುವುದು, ನಡುನಡುವೆ ನನ್ನ ಕಡೆ ಬಗ್ಗಿ ಕನ್ನಡದಲ್ಲಿ ಮಸಲತ್ತು ಮಾಡುವುದು. ಇನ್ನೂ ಇಳೀತಾನೆ, ತಾಳು. ಎದ್ದು ಹೋಗೋ ತರ ಮಾಡೋಣ, ನೀನು ಬಾಗ್ಲ ಕಡೆ ನಡಿ. ನಮ್ಮತ್ರ ನೂರಿಪ್ಪತ್ತೇ ಇರೋದು, ಅಷ್ಟಕ್ಕೆ ಬಂದ್ರೆ ತಕ್ಕೊಳ್ಳೋಣ. ಮಗ್ಗದ ಮನೆಯ ಗಂಟಲಿನ ಗುಟ್ಟು, ಅಂಗಡಿಗೆಲ್ಲ ಕೇಳುತ್ತಿತ್ತು. ಕೇಳಿದರೂ ಯಾರಿಗೆ ತಿಳಿಯಬೇಕು ಎಂಬುದು ನಮ್ಮ ಧೈರ್ಯ. ಕೊಯಮತ್ತೂರಿನ ಗಲ್ಲಿಗಲ್ಲಿಯಲ್ಲೂ ನಮ್ಮಂಥ ಮನೆಗಳಿವೆ, ಬೆಟ್ಟದ ಕಡೆಯಿಂದ ಬಂದ ಒಕ್ಕಲು ಮನೆಗಳವರೂ ಇದ್ದಾರೆ ಎಂಬುದು ನಮಗೆ ಗೊತ್ತಿಲ್ಲದ್ದೇನಲ್ಲ. ಆದರೂ ಮನೆಯ ಮಾತು ಮನೆಯವರಿಗಷ್ಟೇ ತಿಳಿಯುತ್ತದೆ ಎಂದು ನಾವೆಲ್ಲ ಯಾಕೋ ನಂಬಿಬಿಟ್ಟಿದ್ದೆವು.

ಒಂದು ದಿನ ಎರಡು ಹಾಯಿಮರದ ದೊಡ್ಡ ಹಡಗೊಂದಕ್ಕೆ ಬಹಳ ಹೊತ್ತು ಎಳೆದಾಟ ನಡೆಯಿತು. ಕೊನೆಗೆ ಅತ್ತೆ ನನ್ನ ಕಡೆ ಬಗ್ಗಿ, “ಹೋಟ್ಲು ಬೇಡ ಕಣ್ಣು, ಮನೆಗೋಗಿ ತಿನ್ನೋಣ. ಊಟದ ಕಾಸೂ ಸೇರ್ಸಿ ಕೊಟ್ಬಿಡೋಣ,” ಎಂದಳು. ಮೊದಲಾಳಿ ತಟ್ಟನೆ ಸರಿ ಎಂದುಬಿಟ್ಟರು, ಅದೂ ಅತ್ತೆ ಕೇಳಿದ್ದಕ್ಕಿಂತ ಹತ್ತು ರೂಪಾಯಿ ಕಡಿಮೆಗೆ. ಅತ್ತೆ ಗೆದ್ದ ಖುಷಿಯಲ್ಲಿ ಬಣ್ಣದ ಸೀಸೆಗಳನ್ನು ನೋಡಲು ಅಂಗಡಿಯ ಹಿಂಬದಿಗೆ ಹೋದಳು. ಆಗ ಅವರು ಡಬ್ಬಿಗೆ ಕಾಗದ ಸುತ್ತುತ್ತಾ, ತಲೆ ಎತ್ತದೆ, ಮೆಲ್ಲಗೆ ಕೇಳಿದರು:

“ಬೆಳಿಗ್ಗೆ ಏನಾದ್ರೂ ತಿಂದು ಹೊರಟ್ರಾ ಮಗಾ?”

ಕನ್ನಡ. ನಮ್ಮ ಮನೆಯದಕ್ಕಿಂತ ಸ್ವಲ್ಪ ಬೇರೆ, ಆದರೆ ಕನ್ನಡವೇ. ನಾನು ಅತ್ತೆ ಹೋದ ಕಡೆ ತಿರುಗಿ ನೋಡಿದೆ. “ನಮ್ಮವ್ವ ತಾಳವಾಡಿ ಬೆಟ್ಟದ ಕಡೆಯೋರು, ಕನ್ನಡದೋರು,” ಎಂದರು ಅವರು. “ನಿಮ್ಮತ್ತೇಗೆ ಹೇಳ್ಬ್ಯಾಡ. ಗೊತ್ತಾದ್ರೆ ಆಯಮ್ಮ ಇನ್ನು ಬರಾಕಿಲ್ಲ. ಇಲ್ಲಿಗೆ ಬರೋರು ಎಷ್ಟೋ ಜನ ತಕ್ಕೊಂಡೋಗಿ ಅರ್ಧಕ್ಕೇ ಬಿಸಾಕ್ತಾರೆ. ಆಯಮ್ಮ ಒಂದೊಂದ್ನೂ ಮುಗಿಸ್ತಾರೆ.” ಅಷ್ಟರಲ್ಲಿ ಅತ್ತೆ ಬಂದಳು, ಅವರು ಮತ್ತೆ ತಮಿಳಿಗೆ ಹೊರಳಿದರು. ಆ ದಿನ ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಸೆರಗಿನ ಗಂಟು ಬಿಚ್ಚಿ, “ಅಯ್ಯೋ, ಇಲ್ಲೊಂದು ನೋಟು ಉಳ್ಕೊಂಡೈತೆ ಕಣ್ಣು,” ಎಂದು ನನಗೆ ಪೂರಿ ಕೊಡಿಸಿದಳು. ನಾನು ಪೂರಿಯನ್ನು ಚೂರು ಮಾಡುತ್ತಾ ಕೂತೆ. ಇಷ್ಟು ದಿನ ಅತ್ತೆ ಗೆದ್ದದ್ದೆಲ್ಲ ಗೆಲುವೇ ಅಲ್ಲ, ಕೈಯಲ್ಲಿ ಎಷ್ಟಿದೆ ಎಂದು ಕೇಳಿಸಿಕೊಂಡು ಅವರು ಅಷ್ಟಕ್ಕೇ ಕೊಡುತ್ತಿದ್ದರು. ಮನೆಯಲ್ಲಿ ಎಲ್ಲವನ್ನೂ ಕೊಡಿಸಿಕೊಂಡವಳಿಗೆ ಇದೂ ಕೊಡಿಸಿಕೊಂಡದ್ದೇ ಎಂದು ತಿಳಿದರೆ ಅವಳಿಗೆ ಇನ್ನೇನು ಉಳಿಯುತ್ತದೆ? ಅಷ್ಟು ಸ್ಪಷ್ಟವಾಗಿ ಅಲ್ಲದಿದ್ದರೂ, ಆ ವಯಸ್ಸಿಗೆ ನನಗೆ ಅಷ್ಟಂತೂ ಗೊತ್ತಾಯಿತು.

ಅಲ್ಲಿಂದ ಮುಂದೆ ಹಡಗಿನಂಗಡಿ ನನಗೆ ಸಂಕಟದ ಜಾಗವಾಯಿತು. ಅತ್ತೆ ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ಅವಳ ಕಾಲು ತುಳಿಯುತ್ತಿದ್ದೆ, ಸೆರಗು ಜಗ್ಗುತ್ತಿದ್ದೆ. ಅವಳು “ತಾಳೇ, ಅವಸರ ಮಾಡ್ಬೇಡ” ಎಂದು ಇನ್ನೂ ಗಟ್ಟಿಯಾಗಿ ಲೆಕ್ಕ ಒಪ್ಪಿಸುತ್ತಿದ್ದಳು. ಮೊದಲಾಳಿ ಅತ್ತ ತಿರುಗಿ ಡಬ್ಬಿಗಳ ಧೂಳು ಹೊಡೆಯುತ್ತಾ ಅದೆಲ್ಲ ಯಾವುದೋ ದೇಶದ ಭಾಷೆ ಎಂಬಂತೆ ನಿಂತಿರುತ್ತಿದ್ದರು. ಆಮೇಲೆ ಒಂದಿಷ್ಟು ಗೊಣಗಿ, ಒಂದಿಷ್ಟು ನಿಟ್ಟುಸಿರು ಬಿಟ್ಟು, ಹಣೆ ಚಚ್ಚಿಕೊಂಡು, ಅವಳು ಹೇಳಿದ ಬೆಲೆಗೇ ಬಂದು ಸೇರುತ್ತಿದ್ದರು. ಅವರ ನಾಟಕ ಎಷ್ಟು ಚೆನ್ನಾಗಿತ್ತೆಂದರೆ ಕೆಲವು ಸಲ ನಾನೇ ನಂಬಿಬಿಡುತ್ತಿದ್ದೆ.

ಕರೆಂಟು ಹೋದ ದಿನ ನಮ್ಮ ಮನೆಗೆ ಕಿವಿ ಬರುತ್ತಿತ್ತು. ಮಗ್ಗ ನಿಂತು, ಎದುರು ಮನೆಯ ಒಗ್ಗರಣೆ, ಬೇವಿನ ಮರದ ಕಾಗೆ, ಎಲ್ಲವೂ ಕೇಳುತ್ತಿದ್ದವು. ಅಪ್ಪ ಪಡಸಾಲೆಯಲ್ಲಿ ಮಲಗುತ್ತಿದ್ದ, ಅವ್ವ ಹುಣಸೆಹಣ್ಣು ಬಿಡಿಸುತ್ತಿದ್ದಳು, ಅತ್ತೆ ಕಿಟಕಿಯ ಕೆಳಗೆ ಹಡಗು ಕಟ್ಟುತ್ತಿದ್ದಳು. ಬಟ್ಟೆಯ ಗಂಟು ಕೀಳುವ ಚಿಮುಟದಲ್ಲಿ ಅಕ್ಕಿಕಾಳಿನಷ್ಟು ತುಂಡು ಹಿಡಿದು, ಉಸಿರು ಕಟ್ಟಿ ಅಂಟಿಸುವಳು. ಹಗ್ಗಕ್ಕೆ ಮನೆಯದೇ ಗಂಜಿ ಹಾಕಿದ ನೂಲು, ನೇಕಾರರ ಗಂಟು. ಅಷ್ಟು ಹೊತ್ತು ಅವಳು ಯಾರ ಅಕ್ಕನೂ ಅಲ್ಲ, ಯಾರ ಅತ್ತೆಯೂ ಅಲ್ಲ; ಕರೆದರೂ ತಿರುಗುತ್ತಿರಲಿಲ್ಲ. ಮುಗಿದ ಹಡಗುಗಳು ಶೆಡ್ಡಿನ ಗೋಡೆಯ ಹಲಗೆ ಏರುತ್ತಿದ್ದವು. ಮತ್ತೆ ಮಗ್ಗ ಶುರುವಾದರೆ ಹಲಗೆ ಅದುರಿ ಹಡಗುಗಳೆಲ್ಲ ಸಣ್ಣಗೆ ಓಲಾಡುತ್ತಿದ್ದವು. ಅಪ್ಪ ಅವುಗಳನ್ನು ನೋಡಿ, “ನಿನ್ನ ಮಗಳ ಹಡಗು ಹೊರಟ್ವು ನೋಡೇ,” ಎಂದು ಅವ್ವನಿಗೆ ಹೇಳುತ್ತಿದ್ದ. ಅತ್ತೆ ಕಂಡಿಕೆಯಿಂದ ತಲೆ ಎತ್ತದೆ ನಗುತ್ತಿದ್ದಳು.

ಆ ಮನೆ ಈಗಿಲ್ಲ. ಮಗ್ಗಗಳು ಒಂದೊಂದಾಗಿ ತೂಕಕ್ಕೆ ಹೋದವು, ಶೆಡ್ಡು ಯಾರದೋ ಗೋದಾಮಾಯಿತು, ಅಪ್ಪನೂ ಅವ್ವನೂ ಹಿಂದೆ ಮುಂದೆ ಹೊರಟುಹೋದರು. ಹಡಗುಗಳ ಹಾಯಿಮರ ಮುರಿದು, ಧೂಳು ಹತ್ತಿ, ಮನೆ ಖಾಲಿ ಮಾಡುವಾಗ ಯಾರು ಯಾವುದನ್ನು ಎಲ್ಲಿ ಹಾಕಿದರೋ. ಉಕ್ಕಡಂ ಹತ್ತಿರದ ಆ ಗಲ್ಲಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಮೊದಲಾಳಿ ತೀರಿಕೊಂಡು ಎಷ್ಟೋ ವರ್ಷವಾಯಿತು ಎಂದು ಪಕ್ಕದ ಅಂಗಡಿಯವರು ಹೇಳಿದರು. ಅತ್ತೆ ಕೊನೆಯ ಕಾಲದಲ್ಲಿ ತಿರುಪ್ಪೂರಿನಲ್ಲಿ ನಮ್ಮ ಜೊತೆ ಇದ್ದಳು. ಬೆರಳು ಸೊಟ್ಟಗಾಗಿದ್ದವು, ಬಾಯಿ ಮಾತ್ರ ಹಾಗೇ ಇತ್ತು. ತರಕಾರಿ ಗಾಡಿಯವನು ನಮ್ಮ ಬೀದಿಯಲ್ಲಿ ಗಂಟೆ ಬಾರಿಸುವುದನ್ನೇ ಬಿಟ್ಟಿದ್ದ.

ಕಳೆದ ಆಡಿ ಮಾಸದ, ಅಂದರೆ ತಮಿಳರ ಆಷಾಢದ, ಒಂದು ಮಧ್ಯಾಹ್ನ, ಬಾಲ್ಕನಿಯಲ್ಲಿ ಗಾಳಿಗೆ ಕೂತು ನಾನು ಅವಳ ಉಗುರು ಕತ್ತರಿಸುತ್ತಿದ್ದೆ. ಎಲ್ಲೋ ನೋಡುತ್ತಾ ಇದ್ದಕ್ಕಿದ್ದಂತೆ ಅಂದಳು:

“ಆ ಹಡಗಿನಂಗಡಿ ಮೊದಲಾಳಿಗೆ ಕನ್ನಡ ಬರ್ತಿತ್ತು, ಗೊತ್ತಾ ಕಣ್ಣು?”

ನಾನು ಉಗುರು ಕತ್ತರಿಯನ್ನು ಕೆಳಗಿಟ್ಟೆ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಗುಟ್ಟು ಈಗ ಒಡೆಯಿತಲ್ಲ ಎಂದುಕೊಂಡೆ. ಯಾವಾಗ ಗೊತ್ತಾಯಿತು ಎಂದು ಕೇಳಿದೆ.

“ಎರಡ್ನೇ ಸಲ ಹೋದಾಗ್ಲೇ. ಇವನ ಮೂಗು ಲಾಳಿ ಇದ್ದಂಗೈತೆ ಅಂದೆ ನಿನ್ನತ್ರ. ಆಯಪ್ಪ ಮೂಗು ಮುಟ್ಕೊಂಡ.” ಅವಳು ಹೊಟ್ಟೆ ಕುಲುಕಿಸಿಕೊಂಡು ನಕ್ಕಳು. “ಅದಾದ್ಮೇಲೆ ನಾನು ಗಟ್ಟಿಯಾಗಿ ಹೇಳ್ತಿದ್ದೆ, ಕೇಳಿಸ್ಲಿ ಅಂತಾನೇ. ಇನ್ನೂರೈವತ್ತು ಇದ್ರೆ ಇನ್ನೂರೇ ಐತೆ ಅಂತ. ಪೂರಿಗೆ ಕಾಸೆಲ್ಲಿಂದ ಬರ್ತಿತ್ತು ಅಂದ್ಕೊಂಡೆ? ನೀನ್ ಬೇರೆ ಕಾಲು ತುಳ್ದು ತುಳ್ದು ನನ್ ಬೆರಳೆಲ್ಲ ಬಾತೋಗ್ತಿತ್ತು.”

“ನನಗೆ ಗೊತ್ತಿತ್ತು ಅಂತಾನೂ ಗೊತ್ತಿತ್ತಾ ಅತ್ತೆ?”

“ಮತ್ತೆ? ಯಾಕೆ ತುಳೀತೀಯ ಅಂತ ತಿಳೀದಷ್ಟು ದಡ್ಡೀನಾ ನಾನು?” ಎಂದಳು. ಇನ್ನೊಂದು ಕೈ ಮುಂದೆ ಚಾಚಿ, “ಆಯಪ್ಪಂಗೆ ಮಾತ್ರ ನೀ ಹೇಳ್ಬೇಡ. ತಾನೇ ಗೆದ್ದೆ ಅಂದ್ಕೊಂಡವ್ನೆ, ಪಾಪ,” ಎಂದಳು. ಅವರು ತೀರಿಕೊಂಡದ್ದು ಅವಳಿಗೆ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಇಲ್ಲ ಅತ್ತೆ, ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆಮೇಲೆ ಇಬ್ಬರೂ ನಕ್ಕೆವು, ನಗುತ್ತಲೇ ನನಗೆ ಅಳು ಬಂತು. ಅವಳು ಹಡಗುಗಳನ್ನು ನಿಜವಾಗಿಯೂ ಗೆದ್ದೇ ತಂದಿದ್ದಳು. ಎಷ್ಟು ವರ್ಷ ನಾನು ಅವಳಿಗಾಗಿ ಮನಸ್ಸಿನಲ್ಲೇ ಮರುಗಿದ್ದೆ, ಅಷ್ಟೂ ವರ್ಷ ಅವಳು ಒಳಗೊಳಗೇ ಗೆದ್ದವಳಾಗಿ ಓಡಾಡಿಕೊಂಡಿದ್ದಳು.

ಎರಡು ತಿಂಗಳೊಳಗೆ, ಪುರಟಾಸಿ ಮಾಸ ಬರುವ ಮೊದಲೇ ಅತ್ತೆ ಹೋದಳು. ಕೊಟ್ಟ ಮಾತನ್ನು ನಾನು ಈ ತನಕ ಉಳಿಸಿಕೊಂಡಿದ್ದೆ. ನಾವು ಮೂವರೂ ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡಿದ್ದ ಗುಟ್ಟು ಅದು. ಈಗ ಮೂವರಲ್ಲಿ ಉಳಿದವಳು ನಾನೊಬ್ಬಳೇ, ಬಚ್ಚಿಡಬೇಕಾದವರು ಯಾರೂ ಇಲ್ಲ. ಅದಕ್ಕೇ ನಿಮಗೆ ಹೇಳಿಬಿಟ್ಟೆ.